ನೋವಿನ ಸಂವೇದನೆ: ದೇಹದ ಎಚ್ಚರಿಕೆ ವ್ಯವಸ್ಥೆ

ದೇಹಕ್ಕೆ ಹಾನಿ ಉಂಟಾದಾಗ ಅಥವಾ ಉಂಟಾಗುವ ಸಂಭವವಿದ್ದಾಗ ಅದನ್ನು ತಿಳಿಸುವ ಅಹಿತಕರ ಅನುಭವವೇ ನೋವು. ಈ ಎಚ್ಚರಿಕೆ ದೊರೆಯದೆ ಹೋದಲ್ಲಿ ಸಣ್ಣ ಗಾಯವೂ ಅಂಗವನ್ನು ಕಳೆದುಕೊಳ್ಳುವ ಸ್ಥಿತಿಗೆ ಕಾರಣವಾಗಬಹುದು. ಆದ್ದರಿಂದ ನೋವು ಹೇಗೆ ಉಂಟಾಗುತ್ತದೆ ಹಾಗೂ ಯಾವಾಗ ಇಲ್ಲವಾಗುತ್ತದೆ ಎಂಬುದನ್ನು ಅರಿತಿರುವುದು ಅವಶ್ಯಕ.

ನೋವನ್ನು ಗ್ರಹಿಸುವ ನರತುದಿಗಳು

ಚರ್ಮ, ಸ್ನಾಯು, ಕೀಲು ಮತ್ತು ಬಹುತೇಕ ಒಳಾಂಗಗಳಲ್ಲಿ ನೋವನ್ನು ಗ್ರಹಿಸುವ ಸೂಕ್ಷ್ಮ ನರತುದಿಗಳಿವೆ. ಅತಿಯಾದ ಶಾಖ, ಶೀತ, ಒತ್ತಡ ಹಾಗೂ ಕೆಲವು ರಾಸಾಯನಿಕಗಳು ಇವುಗಳನ್ನು ಪ್ರಚೋದಿಸುತ್ತವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೆ ಸ್ಪಂದಿಸುವ ಗ್ರಾಹಕವೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಸ್ಪಂದಿಸುತ್ತದೆ. ಖಾರ ತಿಂದಾಗ ಬಾಯಿ ಉರಿಯಲು ಇದೇ ಕಾರಣ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ತಂಡದ ನೇತೃತ್ವ ವಹಿಸಿದ್ದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು.

ಗಾಯವಾದ ಭಾಗದಲ್ಲಿ ಬಿಡುಗಡೆಯಾಗುವ ಪ್ರೋಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಈ ನರತುದಿಗಳ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ. ಬಾತುಕೊಂಡ ಜಾಗವನ್ನು ಮೆಲ್ಲನೆ ಮುಟ್ಟಿದರೂ ನೋಯುವುದು ಇದರಿಂದಲೇ.

ಮಿದುಳಿಗೆ ಸಂದೇಶ ತಲುಪುವ ಬಗೆ

ನೋವಿನ ಸಂದೇಶವನ್ನು ಎರಡು ಬಗೆಯ ನರತಂತುಗಳು ಒಯ್ಯುತ್ತವೆ. ಮೊದಲನೆಯವು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಚುಚ್ಚಿದಂತಹ ತೀಕ್ಷ್ಣ ನೋವನ್ನು ತಿಳಿಸುತ್ತವೆ. ಎರಡನೆಯವುಗಳ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಅಥವಾ ಅದಕ್ಕಿಂತ ಕಡಿಮೆ. ನಂತರ ಉಳಿಯುವ ಉರಿ ಹಾಗೂ ಮಂದ ನೋವು ಇವುಗಳ ಮೂಲಕ ಬರುತ್ತದೆ. ಸಂದೇಶವು ಬೆನ್ನುಹುರಿಯನ್ನು ತಲುಪಿ, ಅಲ್ಲಿಂದ ಮಿದುಳಿನ ಥಲಾಮಸ್ ಎಂಬ ಭಾಗದ ಮೂಲಕ ಇತರ ಭಾಗಗಳಿಗೆ ಹರಡುತ್ತದೆ. ಬಿಸಿ ಪಾತ್ರೆ ಮುಟ್ಟಿದ ಕೈಯನ್ನು ಬೆನ್ನುಹುರಿಯೇ ಹಿಂದಕ್ಕೆಳೆಯುವಂತೆ ಮಾಡುತ್ತದೆ. ನೋವಿನ ಅರಿವು ಆನಂತರ ಮೂಡುತ್ತದೆ.

ನೋವಿನ ಏರಿಳಿತ

ಪೆಟ್ಟಾದ ಜಾಗವನ್ನು ಉಜ್ಜಿದಾಗ ನೋವು ತಗ್ಗುವುದುಂಟು. ಸ್ಪರ್ಶದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳನ್ನು ತಡೆಯಬಲ್ಲವು ಎಂಬ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಮಿದುಳು ಸಹ ಎಂಡಾರ್ಫಿನ್ ಎಂಬ ನೋವುಶಾಮಕಗಳನ್ನು ಉತ್ಪಾದಿಸುತ್ತದೆ. ಭಯ, ನಿದ್ರಾಹೀನತೆ ಮತ್ತು ಚಿಂತೆಯು ನೋವನ್ನು ಹೆಚ್ಚಿಸಬಹುದು. ಹೀಗಾಗಿ ನೋವಿನ ತೀವ್ರತೆ ಹಾಗೂ ಗಾಯದ ಪ್ರಮಾಣ ಯಾವಾಗಲೂ ಸಮನಾಗಿರುವುದಿಲ್ಲ.

ನೋವು ತಿಳಿಯದಿರುವುದರ ಅಪಾಯ

ಮಧುಮೇಹವು ದೀರ್ಘಕಾಲ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರಗಳು ಹಾನಿಗೊಳ್ಳುತ್ತವೆ. ಕುಷ್ಠರೋಗದ ರೋಗಾಣು ಸಹ ನರಗಳನ್ನು ಬಾಧಿಸುತ್ತದೆ. ಇಂತಹವರಿಗೆ ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ತಿಳಿಯದು. ಅರಿವಿಗೆ ಬಾರದ ಗಾಯದ ಮೇಲೆಯೇ ನಡೆದಾಡುವುದರಿಂದ ಅದು ಹುಣ್ಣಾಗಿ, ಸೋಂಕು ಮೂಳೆಗೆ ತಗುಲಿ, ಬೆರಳು ಅಥವಾ ಪಾದವನ್ನೇ ತೆಗೆಯಬೇಕಾಗಬಹುದು. ಕುಷ್ಠರೋಗದಲ್ಲಿ ಬೆರಳುಗಳು ನಷ್ಟವಾಗಲು ಮುಖ್ಯ ಕಾರಣ ಹೀಗೆ ಲಕ್ಷ್ಯಕ್ಕೆ ಬಾರದ ಗಾಯಗಳು ಮತ್ತು ಅವುಗಳ ಸೋಂಕು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಮಧುಮೇಹವುಳ್ಳವರು ಪ್ರತಿದಿನ ಪಾದದ ಅಡಿಭಾಗ ಹಾಗೂ ಬೆರಳ ಸಂದುಗಳನ್ನು ಪರೀಕ್ಷಿಸಿಕೊಳ್ಳಬೇಕು. ಅಗತ್ಯವಿದ್ದಲ್ಲಿ ಕನ್ನಡಿ ಬಳಸಬಹುದು ಅಥವಾ ಮನೆಯವರ ನೆರವು ಪಡೆಯಬಹುದು.
2. ಪಾದಗಳಲ್ಲಿ ಜೋಮು ಇರುವವರು ಬರಿಗಾಲಿನಲ್ಲಿ ನಡೆಯಬಾರದು. ಸ್ನಾನದ ನೀರಿನ ಬಿಸಿಯನ್ನು ಪಾದದಿಂದ ಪರೀಕ್ಷಿಸಬಾರದು.
3. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡುಬಂದಲ್ಲಿ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಕುಷ್ಠರೋಗಕ್ಕೆ ಬಹುಔಷಧ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.
4. ಹೃದಯದ ನೋವು ಎಡತೋಳು, ಕುತ್ತಿಗೆ ಅಥವಾ ದವಡೆಯಲ್ಲಿ ಕಾಣಿಸಿಕೊಳ್ಳಬಹುದು. ಮಧುಮೇಹಿಗಳಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತ ಸಂಭವಿಸಬಹುದು. ಹಠಾತ್ ಬೆವರುವಿಕೆ, ಉಸಿರಾಟದ ತೊಂದರೆ ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು.
5. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ದೀರ್ಘಕಾಲ ಸೇವಿಸಬಾರದು. ಇದರಿಂದ ಜಠರ ಹಾಗೂ ಮೂತ್ರಪಿಂಡಗಳಿಗೆ ಹಾನಿಯಾಗಬಹುದು.

ನೋವನ್ನು ಕಡೆಗಣಿಸಬಾರದು, ನೋವಿಲ್ಲದ ಗಾಯವನ್ನಂತೂ ಎಂದಿಗೂ ಕಡೆಗಣಿಸಬಾರದು.