ಅನ್ಯೋನ್ಯತೆ

ಸಂಸ್ಕೃತದ ‘ಅನ್ಯ’ ಇಮ್ಮಡಿಸಿ ‘ಅನ್ಯೋನ್ಯ’, ಅಂದರೆ ಒಬ್ಬರಿಗೊಬ್ಬರು ಎಂದಾಯಿತು. ಅದರ ಭಾವನಾಮ ಅನ್ಯೋನ್ಯತೆ. ಆಡುಮಾತಿನಲ್ಲಿ ಅನ್ಯೋನ್ಯವಾಗಿರುವವರು ಹೆಚ್ಚಾಗಿ ಗಂಡಹೆಂಡಿರು. ಕನ್ನಡ ಬೈಬಲ್ ಇದನ್ನು ಗ್ರೀಕಿನ ‘ಕೊಯಿನೋನಿಯಾ’ ಪದಕ್ಕೆ ಬಳಸುತ್ತದೆ. ಗ್ರೀಕಿನಲ್ಲಿ ಪಾಲುಗಾರಿಕೆಯ ಅರ್ಥವೇ ಮುಖ್ಯ, ಬಡವರಿಗೆ ಎತ್ತಿದ ಹಣವೂ ಕೊಯಿನೋನಿಯಾವೇ. ಮರಾಠಿ ಬೈಬಲ್ಲಿನ ‘ಸಹಭಾಗಿತಾ’ ಈ ಅರ್ಥಕ್ಕೆ ಇನ್ನೂ ಹತ್ತಿರ. ಕನ್ನಡದ ಪದ ಆಪ್ತತೆಯತ್ತ ವಾಲುತ್ತದೆ.

ಪದದಿಂದ ಆಚರಣೆಗೆ ಬಂದರೆ, ಬೆಳಗಾವಿಯಲ್ಲಿ 1820ರಲ್ಲಿ ಆರಂಭವಾದ ಲಂಡನ್ ಮಿಷನ್ ಕೆಲಸ 1904ರಲ್ಲಿ ಮೆಥೊಡಿಸ್ಟರ ಕೈಸೇರಿತು. ಮೆಥೊಡಿಸ್ಟ್ ಪರಂಪರೆಯಲ್ಲಿ ಅನ್ಯೋನ್ಯತೆಗೆ ಪರಸ್ಪರ ಲೆಕ್ಕ ಒಪ್ಪಿಸುವ ಮುಖವೂ ಉಂಟು. ಅದರ ಸ್ಥಾಪಕ ಜಾನ್ ವೆಸ್ಲಿ 1742ರಲ್ಲಿ ಬ್ರಿಸ್ಟಲ್‌ನಲ್ಲಿ ಸುಮಾರು ಹನ್ನೆರಡು ಜನರ ‘ಕ್ಲಾಸ್’ಗಳನ್ನು ಕಟ್ಟಿದ್ದು ಪ್ರಾರ್ಥನಾ ಮಂದಿರದ ಸಾಲ ತೀರಿಸಲು. ವಾರದ ಪೆನ್ನಿ ಎತ್ತಲು ಮನೆಮನೆಗೆ ಹೋದ ಮುಖಂಡರು ಸದಸ್ಯರ ನಡತೆಯನ್ನೂ ವಿಚಾರಿಸತೊಡಗಿದರು.