ಸಭಾಪಿತೃಗಳು, ಭಾಗ 4: ಚೀಟಿ ತಗೊಂಡವರನ್ನ ಮತ್ತೆ ಒಳಗೆ ಬಿಡಬೇಕಾ?

(1/6)
ಎಪ್ಪತ್ತೆರಡು ವರ್ಷದ ಮುದುಕ. ಬಲ ಹುಬ್ಬಿನ ಮೇಲೆ ಗಾಯದ ಗುರುತು. ಹೆಸರು ಔರೇಲಿಯಸ್ ಡಯೋಜನೀಸ್, ಊರು ಈಜಿಪ್ಟಿನ ಒಂದು ಹಳ್ಳಿ. ಕ್ರಿ.ಶ. 250ರ ಜೂನ್ ತಿಂಗಳಲ್ಲಿ ಇವನು ಅಧಿಕಾರಿಗಳಿಗೆ ಒಂದು ಅರ್ಜಿ ಕೊಟ್ಟ. ಅದರ ಸಾರಾಂಶ ಇಷ್ಟೇ: ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡ್ತಾ ಬಂದವನು, ಈಗ ನಿಮ್ಮ ಕಣ್ಣೆದುರಿಗೇ ಕೊಟ್ಟಿದ್ದೀನಿ, ಬಲಿಯ ಮಾಂಸವನ್ನೂ ತಿಂದಿದ್ದೀನಿ, ಸಹಿ ಹಾಕಿಕೊಡಿ.

ಆ ಪಪೈರಸ್ ಹಾಳೆ ಈಜಿಪ್ಟಿನ ಒಣ ಮರಳಿನಲ್ಲಿ ಕೆಡದೆ ಉಳಿದು ನಮ್ಮ ಕಾಲದವರೆಗೆ ಬಂದಿದೆ. ಇಂಥವು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಲ್ಯಾಟಿನ್‌ನಲ್ಲಿ ಇದಕ್ಕೆ ‘ಲಿಬೆಲ್ಲಸ್’ ಅಂತಾರೆ. ನಾವು ಚೀಟಿ ಅನ್ನೋಣ. ಈ ಸಣ್ಣ ಚೀಟಿ ಹುಟ್ಟಿಸಿದ ಒಂದು ಜಗಳ ಕ್ರೈಸ್ತ ಸಭೆಯನ್ನೇ ಒಡೆದು ಹಾಕ್ತು. ಇವತ್ತಿನ ಕಥೆ ಅದು.

(2/6)
249ರಲ್ಲಿ ಡೀಸಿಯಸ್ ರೋಮಿನ ಚಕ್ರವರ್ತಿಯಾದ. ಗಡಿಯಲ್ಲಿ ಯುದ್ಧ, ಒಳಗೆ ದಂಗೆ. ದೇವತೆಗಳು ಮುನಿದಿದ್ದಾರೆ, ಎಲ್ಲರೂ ಸೇರಿ ಬಲಿ ಕೊಟ್ಟರೆ ಸಾಮ್ರಾಜ್ಯ ಉಳಿಯುತ್ತೆ ಅನ್ನೋದು ಆ ಕಾಲದ ನಂಬಿಕೆ. ಹಾಗಾಗಿ ಸಾಮ್ರಾಜ್ಯದ ಜನರೆಲ್ಲ ಬಲಿ ಕೊಡಬೇಕು, ಕೊಟ್ಟದ್ದಕ್ಕೆ ಚೀಟಿ ಪಡೀಬೇಕು ಅಂತ ಆಜ್ಞೆಯಾಯ್ತು. ಬೇರೆಯವರಿಗೆ ಇದು ಒಂದು ದಿನದ ಕೆಲಸ. ಕ್ರೈಸ್ತರಿಗೆ ಹಾಗಲ್ಲ. ಒಂದು ಚಿಟಿಕೆ ಧೂಪ ಹಾಕಿದರೂ ಅದು ಕ್ರಿಸ್ತನನ್ನು ನಿರಾಕರಿಸಿದ ಹಾಗೆ.

ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಸತ್ತರು. ಆದರೆ ನಮಗೆ ಈ ಕಥೆಯನ್ನ ಒಳಗಿನಿಂದ ತೋರಿಸೋದು ಇನ್ನೊಂದು ಊರು, ಉತ್ತರ ಆಫ್ರಿಕಾದ ಕಾರ್ಥೇಜ್. ಈಗಿನ ಟ್ಯುನೀಷಿಯಾದಲ್ಲಿದೆ. ಅಲ್ಲಿನ ಬಿಷಪ್ ಸಿಪ್ರಿಯನ್ ಬರೆದ ಪತ್ರಗಳು ಇವತ್ತಿಗೂ ಉಳಿದಿವೆ. ಅವರು ಹೇಳೋ ದೃಶ್ಯ ನೋವಿನದು: ಯಾರೂ ಎಳೆದುಕೊಂಡು ಹೋಗೋ ಮೊದಲೇ ಜನ ತಾವಾಗಿ ಚೌಕಕ್ಕೆ ಓಡಿದರು. ಕತ್ತಲಾಯ್ತು, ನಾಳೆ ಬನ್ನಿ ಅಂತ ಅಧಿಕಾರಿಗಳೇ ಹೇಳಿದರೂ ಕೇಳಲಿಲ್ಲ.

ಕೆಲವರು ಬಲಿ ಕೊಟ್ಟರು. ಕೆಲವರು ಬರೀ ಧೂಪ ಹಾಕಿದರು. ಇನ್ನು ಕೆಲವರು ಅದನ್ನೂ ಮಾಡದೆ ದುಡ್ಡು ಕೊಟ್ಟು ಚೀಟಿ ಮಾತ್ರ ತಗೊಂಡರು.

(3/6)
ಹಾಗಾದರೆ ಸಿಪ್ರಿಯನ್ ಏನ್ಮಾಡಿದ್ರು? ಅಡಗಿಕೊಂಡರು.

ಹೌದು. ಭಾಷಣಕಲೆಯ ಮೇಷ್ಟ್ರಾಗಿ ಹೆಸರು ಮಾಡಿ, ನಡುವಯಸ್ಸಿನಲ್ಲಿ ಕ್ರೈಸ್ತರಾಗಿ, ಕೆಲವೇ ವರ್ಷದಲ್ಲಿ ಬಿಷಪ್ ಆದವರು. ಆಜ್ಞೆ ಬಂದಾಗ ಊರು ಬಿಟ್ಟರು. ರೋಮಿನ ಪಾದ್ರಿಗಳಿಂದ ಕಾರ್ಥೇಜಿಗೆ ಚುಚ್ಚುಮಾತಿನ ಪತ್ರ ಬಂತು. ಕುರುಬ ಕುರಿ ಬಿಟ್ಟು ಓಡಿಹೋದ ಅನ್ನೋ ಧಾಟಿಯಲ್ಲಿ. ನಾನಿದ್ದರೆ ಜನರ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ಅದಕ್ಕೇ ದೂರ ಇದ್ದೀನಿ ಅನ್ನೋದು ಸಿಪ್ರಿಯನ್ ಕೊಟ್ಟ ಕಾರಣ. ಅಡಗಿದ್ದಲ್ಲಿಂದಲೇ ಪತ್ರ ಬರೆದು ಸಭೆ ನಡೆಸಿದರು. ಆದರೂ ಆ ಮಾತಿನ ಗಾಯ ಅಷ್ಟು ಬೇಗ ಮಾಯಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

(4/6)
ಹಿಂಸೆಯ ಬಿಸಿ ಆರುತ್ತಾ ಬಂದ ಹಾಗೆ, ಬಿದ್ದವರು ಒಬ್ಬೊಬ್ಬರೇ ಸಭೆಯ ಬಾಗಿಲಿಗೆ ಬಂದರು. ನಮ್ಮನ್ನ ಸೇರಿಸ್ಕೊಳ್ಳಿ, ಪರಮಪ್ರಸಾದ ಕೊಡಿ ಅಂತ.

ಈಗ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಅವರಿಗೆ ಹಾಗಿರಲಿಲ್ಲ. ಸಭೆಯ ಹೊರಗೆ ರಕ್ಷಣೆಯೇ ಇಲ್ಲ ಅಂತ ಬರೆದವರೇ ಈ ಸಿಪ್ರಿಯನ್. ಬಾಗಿಲು ಹಾಕಿದರೆ ನಿತ್ಯಜೀವದ ಬಾಗಿಲೇ ಹಾಕಿದ ಹಾಗೆ.

ಒಂದು ಕಡೆ, ಜೈಲಿನಲ್ಲಿ ಚಿತ್ರಹಿಂಸೆ ಸಹಿಸಿದವರು ಬಿದ್ದವರಿಗೆ ಶಿಫಾರಸು ಪತ್ರ ಬರೆದುಕೊಡ್ತಿದ್ದರು. ಕೆಲವು ಪತ್ರಗಳಲ್ಲಿ ‘ಇವನನ್ನೂ ಇವನವರನ್ನೂ ಸೇರಿಸಿಕೊಳ್ಳಿ’ ಅಂತಷ್ಟೇ ಇತ್ತು. ಇವನವರು ಅಂದರೆ ಎಷ್ಟು ಜನ? ಲೆಕ್ಕವೇ ಇಲ್ಲ. ಇನ್ನೊಂದು ಕಡೆ, ರೋಮಿನಲ್ಲಿ ನೊವಾಷಿಯನ್ ಅನ್ನೋ ಪಂಡಿತ ಪಾದ್ರಿ. ಒಮ್ಮೆ ನಿರಾಕರಿಸಿದವನನ್ನ ಸಭೆ ಸಾಯೋವರೆಗೂ ಸೇರಿಸಬಾರದು, ಕ್ಷಮಿಸೋದು ದೇವರಿಗೆ ಬಿಟ್ಟದ್ದು ಅನ್ನೋ ಪಕ್ಷ. 251ರಲ್ಲಿ ಕೊರ್ನೇಲಿಯಸ್ ರೋಮಿನ ಬಿಷಪ್ ಆದಾಗ ಇವನು ಎದುರು ಬಿಷಪ್ ಆಗಿ ನಿಂತ. ಅವನ ‘ಶುದ್ಧರ’ ಸಭೆ ಶತಮಾನಗಳ ಕಾಲ ಬೇರೆಯಾಗೇ ಉಳೀತು.

(5/6)
ಅದೇ 251ರಲ್ಲಿ ಸಿಪ್ರಿಯನ್ ಕಾರ್ಥೇಜಿಗೆ ಮರಳಿ, ಆಫ್ರಿಕಾದ ಬಿಷಪ್‌ಗಳನ್ನ ಕೂಡಿಸಿದರು. ತೀರ್ಮಾನ ನಡುದಾರಿಯದು: ಚೀಟಿ ಮಾತ್ರ ತಗೊಂಡವರನ್ನ ಒಬ್ಬೊಬ್ಬರ ವಿಷಯ ವಿಚಾರಿಸಿ ಸೇರಿಸಿಕೊಳ್ಳೋದು. ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತದಲ್ಲಿರಬೇಕು, ಸಾವಿನ ಹಾಸಿಗೆಯಲ್ಲಿ ಸಮಾಧಾನ ಕೊಡೋದು.

ಆ ಸಮಯದಲ್ಲಿ ಆಂಟೋನಿಯಾನಸ್ ಅನ್ನೋ ಬಿಷಪ್‌ಗೆ ಸಿಪ್ರಿಯನ್ ಬರೆದ ಪತ್ರ ನನಗೆ ತುಂಬಾ ಹಿಡಿಸಿದ್ದು. ಎಲ್ಲ ಪಾಪವೂ ಒಂದೇ ತೂಕ ಅಂತ ಸ್ಟೋಯಿಕ್ ತತ್ವಜ್ಞಾನಿಗಳು ಹೇಳ್ತಾರೆ, ನಾವು ಹಾಗೆ ಹೇಳೋಕಾಗಲ್ಲ ಅಂತಾರೆ. ಕೇಳಿದ ತಕ್ಷಣ ಓಡಿಹೋಗಿ ಬಲಿ ಕೊಟ್ಟವನೂ, ಎಷ್ಟೋ ಹೊತ್ತು ಸೆಣಸಾಡಿ ಸೋತವನೂ ಒಂದೇನಾ? ಹೆಂಡತಿ ಮಕ್ಕಳನ್ನೂ ಎಳೆದುಕೊಂಡು ಹೋದವನೂ, ಮನೆಯವರನ್ನೆಲ್ಲ ಉಳಿಸೋಕೆ ತಾನೊಬ್ಬನೇ ಹೋಗಿ ಬಲಿ ಕೊಟ್ಟವನೂ ಒಂದೇನಾ? ಚೀಟಿ ತಗೊಂಡವನ ಮಾತನ್ನೂ ಕೇಳಿಸ್ತಾರೆ: ಬಲಿ ಕೊಡಬಾರದು ಅಂತ ಗೊತ್ತಿತ್ತು, ಅದಕ್ಕೇ ದುಡ್ಡು ಕೊಟ್ಟು ತಪ್ಪಿಸಿಕೊಂಡೆ, ಇದೂ ತಪ್ಪು ಅಂತ ಗೊತ್ತಿರಲಿಲ್ಲ.

ಇಲ್ಲಿ ಒಂದು ದೇವತಾಶಾಸ್ತ್ರದ ಪ್ರಶ್ನೆ ಇದೆ. ಸಭೆ ಅಂದರೆ ಶುದ್ಧರ ಕೂಟವಾ? ಅಲ್ಲ ಅಂತಾರೆ ಸಿಪ್ರಿಯನ್. ಹೊಲದಲ್ಲಿ ಗೋಧಿಯ ಜೊತೆ ಕಳೆಯೂ ಇರುತ್ತೆ. ಕಳೆ ಕಂಡ ಮಾತ್ರಕ್ಕೆ ಹೊಲ ಬಿಟ್ಟು ಹೋಗಬಾರದು. ನಾವು ಗೋಧಿಯಾಗೋಕೆ ನೋಡಬೇಕು.

(6/6)
ಆದರೆ ಈ ತೀರ್ಮಾನವೂ ಕಲ್ಲಿನ ಮೇಲೆ ಕೆತ್ತಿದ್ದಾಗಿರಲಿಲ್ಲ. ಅಷ್ಟರಲ್ಲಿ ಊರಿಗೆ ಭೀಕರ ಪಿಡುಗು ಬಂತು. ಕ್ರೈಸ್ತರಲ್ಲದವರ ಸೇವೆಯನ್ನೂ ಮಾಡಿ ಅಂತ ಸಿಪ್ರಿಯನ್ ಸಭೆಗೆ ಹೇಳಿದರು. ಮತ್ತೆ ಹಿಂಸೆ ಬರೋ ಸುಳಿವೂ ಕಾಣಿಸ್ತು. ಆಗ ಬಿಷಪ್‌ಗಳು ಇನ್ನೊಮ್ಮೆ ಕೂತು, ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರನ್ನೂ ಈಗಲೇ ಸೇರಿಸಿಕೊಳ್ಳೋಣ ಅಂತ ನಿರ್ಧರಿಸಿದರು. ಕಾರಣ? ಕ್ರಿಸ್ತನಿಗಾಗಿ ರಕ್ತ ಸುರಿಸಿ ಅಂತ ಇವರನ್ನ ಕೇಳೋ ನಾವು, ಕ್ರಿಸ್ತನ ರಕ್ತದ ಪಾತ್ರೆಯನ್ನ ಇವರಿಗೆ ಕೊಡಲ್ಲ ಅಂದರೆ ಹೇಗೆ? ಆಯುಧ ಕೊಡದೆ ಯುದ್ಧಕ್ಕೆ ಕಳಿಸಿದ ಹಾಗಾಗುತ್ತೆ.

ಸಿಪ್ರಿಯನ್ ಎಲ್ಲದರಲ್ಲೂ ಮೃದು ಅಂದ್ಕೋಬೇಡಿ. ಒಡೆದುಹೋದವರು ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕೇ ಇಲ್ಲ ಅಂತ ರೋಮಿನ ಬಿಷಪ್ ಸ್ಟೀಫನ್ ಜೊತೆ ಜೋರು ಜಗಳ ಆಡಿದವರೂ ಇವರೇ. ಆ ವಿಷಯದಲ್ಲಿ ಸಭೆ ಕೊನೆಗೆ ಇವರ ಮಾತು ಒಪ್ಪಲಿಲ್ಲ.

257ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಹಿಂಸೆ ಮತ್ತೆ ಶುರುವಾಯ್ತು. ಈ ಸಲ ಸಿಪ್ರಿಯನ್ ತಪ್ಪಿಸಿಕೊಳ್ಳಲಿಲ್ಲ. ಮೊದಲು ಗಡೀಪಾರು, ಮರುವರ್ಷ ಮರಣದಂಡನೆ. 258ರ ಸೆಪ್ಟೆಂಬರ್ 14. ತೀರ್ಪು ಕೇಳಿ ದೇವರಿಗೆ ಸ್ತೋತ್ರ ಅಂದರು. ತಲೆ ಕಡಿಯೋಕೆ ಬಂದವನಿಗೆ 25 ಚಿನ್ನದ ನಾಣ್ಯ ಕೊಡಿ ಅಂತ ತಮ್ಮವರಿಗೆ ಹೇಳಿದರು.

ಎಂಟು ವರ್ಷದ ಹಿಂದೆ ಓಡಿಹೋದ ಅಂತ ಅನ್ನಿಸಿಕೊಂಡ ಮನುಷ್ಯ ಇವರು. ಅವತ್ತೇ ಇವರನ್ನ ಹೇಡಿ ಅಂತ ಬರೆದು ಕಥೆ ಮುಗಿಸಿದ್ದರೆ? ಬಿದ್ದವರಿಗೂ ಎರಡನೇ ಸಲ ನಿಲ್ಲೋ ಅವಕಾಶ ಬೇಕು ಅಂತ ವಾದಿಸಿದವರು, ಕೊನೆಗೆ ತಾವೇ ಅದನ್ನ ನಿಂತು ತೋರಿಸಿದರು.

ನೀವು ಆ ಸಭೆಯಲ್ಲಿ ಕೂತಿದ್ದರೆ ಯಾರ ಪಕ್ಷ ಹಿಡೀತಿದ್ರಿ, ನೊವಾಷಿಯನ್‌ದಾ, ಸಿಪ್ರಿಯನ್‌ದಾ? ಕಾಮೆಂಟಲ್ಲಿ ಹೇಳಿ.

#ಸಭಾಪಿತೃಗಳು #ಇತಿಹಾಸ #ಕನ್ನಡ