ಯಂತ್ರವೂ ಯಂತ್ರವಿದ್ಯೆಯೂ: ಮುಂಬಯಿ ಮತ್ತು ಓಸಾಕಾ

ಯಂತ್ರವನ್ನು ಹಣ ತೆತ್ತು ಕೊಳ್ಳಬಹುದು. ಯಂತ್ರವಿದ್ಯೆಯನ್ನು ಹಾಗೆ ಕೊಳ್ಳಲು ಬಾರದು. ಈ ಭೇದವನ್ನು ಇಂಗ್ಲೆಂಡು ಚೆನ್ನಾಗಿ ಅರಿತಿದ್ದಿತು. ಹದಿನೆಂಟನೆಯ ಶತಮಾನದಲ್ಲಿಯೇ ಅದು ತನ್ನ ಕುಶಲ ಕೆಲಸಗಾರರ ವಲಸೆಯನ್ನೂ ನೂಲಿನ ಯಂತ್ರಗಳ ರಫ್ತನ್ನೂ ಶಾಸನಗಳಿಂದ ತಡೆದಿದ್ದಿತು. ಕೆಲಸಗಾರರ ಮೇಲಣ ನಿರ್ಬಂಧವು 1824ರಲ್ಲಿಯೂ ಯಂತ್ರಗಳ ಮೇಲಣ ನಿರ್ಬಂಧವು 1843ರಲ್ಲಿಯೂ ತೊಲಗಿದುವು. ಆ ಬಳಿಕ ಲ್ಯಾಂಕಾಶೈರಿನ ಕದಿರುಗಳು ಮುಂಬಯಿಯನ್ನೂ ಜಪಾನಿನ ಓಸಾಕಾ ನಗರವನ್ನೂ ಸೇರಿದುವು.

ಇವೆರಡರಲ್ಲಿ ಮುಂಬಯಿಯೇ ಹಿರಿದು. ಕಾವಸಜಿ ನಾನಾಭಾಯಿ ದಾವರರು 1854ರಲ್ಲಿ ಸ್ಥಾಪಿಸಿದ ಗಿರಣಿಯು 1856ರಲ್ಲಿ ನೂಲಲು ತೊಡಗಿತು. ಬಂಡವಾಳವು ದೇಶೀಯರದು, ಹತ್ತಿಯು ಈ ನೆಲದ್ದು, ದುಡಿಮೆಯು ಇಲ್ಲಿಯವರದು. ಆದರೆ ಯಂತ್ರಗಳೂ ಅವುಗಳನ್ನು ಜೋಡಿಸಿ ನಡೆಯಿಸುವ ಜಾಣರೂ ಇಂಗ್ಲೆಂಡಿನಿಂದಲೇ ಬರಬೇಕಾಯಿತು. ಗಿರಣಿಗಳಿಗೆ ಬೇಕಾದ ವಿದ್ಯೆಯನ್ನು ಕಲಿಸಲು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯು ಹುಟ್ಟಿದ್ದು 1887ರಲ್ಲಿ, ಎಂದರೆ ಒಂದು ತಲೆಮಾರಿನ ಅನಂತರ.

ಜಪಾನಿನಲ್ಲಿ ಕ್ರಮವು ತಿರುವುಮುರುವಾಯಿತು. ಟೋಕಿಯೋದ ಇಂಜಿನಿಯರಿಂಗ್ ಕಾಲೇಜು ಸ್ಕಾಟ್ಲೆಂಡಿನ ಹೆನ್ರಿ ಡಯರನ ನೇತೃತ್ವದಲ್ಲಿ 1873ರಲ್ಲಿಯೇ ಆರಂಭವಾಯಿತು. ಓಸಾಕಾದ ಗಿರಣಿಯನ್ನು ಕಟ್ಟಿಸಲು ಹೊರಟ ಶಿಬುಸಾವಾ ಎಯಿಚಿಯು, ಲಂಡನ್ನಿನಲ್ಲಿ ಓದುತ್ತಿದ್ದ ಯಮನೋಬೆ ತಾಕೆಯೋ ಎಂಬ ತರುಣನನ್ನು ಮೊದಲು ಗಿರಣಿಯ ಕೆಲಸ ಕಲಿಯಲು ಒಪ್ಪಿಸಿದನು. ಯಮನೋಬೆಯು ಬ್ಲ್ಯಾಕ್‌ಬರ್ನಿನ ಗಿರಣಿಯೊಂದರಲ್ಲಿ ಕೈಯಾರೆ ಕಲಿತು ಬಂದನು. 1883ರಲ್ಲಿ 10,500 ಕದಿರುಗಳು ತಿರುಗತೊಡಗಿದುವು. ಅವನ್ನು ಒದಗಿಸಿದ್ದು ಓಲ್ಡ್‌ಹ್ಯಾಮಿನ ಪ್ಲಾಟ್ ಸೋದರರ ಕಾರಖಾನೆ.

ಇದರ ಫಲವು ಮಗ್ಗದಲ್ಲಿ ಕಾಣಿಸಿತು. ಬಡಗಿಯ ಮಗನಾದ ಟೊಯೋಡಾ ಸಕಿಚಿಯು ಕಾಲೇಜು ಕಂಡವನಲ್ಲ. ಆತನ ಮಗ ಕಿಯಿಚಿರೋ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ಓದಿದವನು. ತಂದೆಯ ಕೈಚಳಕವೂ ಮಗನ ಶಾಸ್ತ್ರವೂ ಕೂಡಿ 1924ರಲ್ಲಿ ಸ್ವಯಂಚಾಲಿತ ಮಗ್ಗವೊಂದು ಸಿದ್ಧವಾಯಿತು. 1929ರಲ್ಲಿ ಅದರ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿದವರು ಅದೇ ಪ್ಲಾಟ್ ಸೋದರರು! ಗುರುವೇ ಶಿಷ್ಯನಿಂದ ಕೊಂಡಂತಾಯಿತು.

ಇದರಿಂದ ಮುಂಬಯಿಯನ್ನು ಹಳಿಯುವುದು ನ್ಯಾಯವಲ್ಲ. ಜಪಾನಿನ ಸರಕಾರವು ಜಪಾನೀಯರದು. ಭಾರತದ ಸರಕಾರವಾದರೋ ಲ್ಯಾಂಕಾಶೈರಿನ ಹಿತಕ್ಕಾಗಿ 1896ರಲ್ಲಿ ಇಲ್ಲಿಯ ಗಿರಣಿಗಳ ಬಟ್ಟೆಗೆ ನೂರಕ್ಕೆ ಮೂರೂವರೆಯ ಸುಂಕವನ್ನು ವಿಧಿಸಿತು. ಇತ್ತ ಜಪಾನಿನ ಏಳಿಗೆಯೂ ನಿಷ್ಕಳಂಕವಲ್ಲ. ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ರಾತ್ರಿಯ ಪಾಳಿಯಲ್ಲಿ ದುಡಿದು ಅದರ ಬೆಲೆಯನ್ನು ತೆತ್ತರು. ಆ ಪಾಳಿಯು ನಿಂತುದು 1929ರಲ್ಲಿ. ನಮ್ಮ 1881ರ ಕಾರಖಾನೆ ಶಾಸನವೂ ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಎಡೆಗೊಟ್ಟಿತು. ಹಾಗೆ ದುಡಿದ ಮಗುವಿಗೆ ಶಾಲೆಯೆಲ್ಲಿಯದು?

ಮುಂಬಯಿ ಸರಕಾರದ ಇಂಜಿನಿಯರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ಕಂಡುಬಂದರು. ಮೈಸೂರಿನ ದಿವಾನರಾದ ಮೇಲೆ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿಸಿದರು. ಯಂತ್ರದೊಡನೆ ವಿದ್ಯೆಯೂ ಬೇರೂರಬೇಕೆಂಬುದು ಅವರ ನಿಲುವಾಗಿದ್ದಿತು.

1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಗಿರಣಿಯ ನೆಲಕ್ಕೆ ಬೆಲೆ ಬಂದಿತು, ಅಲ್ಲಿ ದುಡಿದ ಕೈಗಳಿಗೆ ಬರಲಿಲ್ಲ. ಯಂತ್ರವನ್ನು ಕಾಯಲು ಮಾತ್ರ ಕಲಿತವನು ಯಂತ್ರವು ನಿಂತೊಡನೆ ಬರಿಗೈಯವನಾಗುತ್ತಾನೆ. ಹೊಸ ಯಂತ್ರವು ಬಂದಾಗಲೆಲ್ಲ ಬಡನಾಡುಗಳು ಅದರ ಬೆಲೆಯನ್ನು ಕೇಳುವುದುಂಟು. ಅದನ್ನು ಬಿಚ್ಚಿ ನೋಡಲು ಕಲಿಸುವವರಾರೆಂದೂ ಕೇಳುವುದು ಅಷ್ಟೇ ಅಗತ್ಯ.